ಆಬ್ಜೆಕ್ಟ್ ಕ್ಯಾಶ್ ಮತ್ತು ಜಾಲತಾಣದ ನಿಧಾನಗತಿ

ಶಾಲೆಯ ಸುದ್ದಿಯನ್ನು ಊರಿಗೆ ಮುಟ್ಟಿಸಲು ಹಿಂದೆ ಸೂಚನಾಫಲಕವೂ ಕರಪತ್ರವೂ ಸಾಕಾಗುತ್ತಿದ್ದುವು. ಇಂದು ಆ ಕಾರ್ಯದ ಬಹುಭಾಗವನ್ನು ಜಾಲತಾಣವು ವಹಿಸಿಕೊಂಡಿದೆ. ಪ್ರವೇಶದ ಪ್ರಕಟಣೆ, ದತ್ತಿನಿಧಿಯ ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ವೇಳಾಪಟ್ಟಿ, ವಾರ್ಷಿಕೋತ್ಸವದ ಆಮಂತ್ರಣ ಮೊದಲಾದುವನ್ನು ಪೋಷಕರು ತಮ್ಮ ಕೈಯಲ್ಲಿರುವ ಫೋನಿನಲ್ಲಿಯೇ ಓದಿಕೊಳ್ಳುತ್ತಾರೆ. ಗಡಿನಾಡಿನ ಕನ್ನಡ ಶಾಲೆಗಳಿಗಂತೂ ಈ ಸಾಧನದ ಬೆಲೆ ಇನ್ನಷ್ಟು ಹಿರಿದು. ಊರಿನ ವ್ಯವಹಾರವು ಬಹುಮಟ್ಟಿಗೆ ಬೇರೊಂದು ಭಾಷೆಯಲ್ಲಿ ನಡೆಯುವ ಎಡೆಯಲ್ಲಿ, ಮನೆಮಾತಿನಲ್ಲಿ ಬರೆದ ನಾಲ್ಕು ಸಾಲಿನ ಪ್ರಕಟಣೆಯೂ ಶಾಲೆಗೂ ಮನೆಗೂ ಸೇತುವಾಗುತ್ತದೆ. ಪ್ರವೇಶದ ದಿನಗಳಲ್ಲಿ ಆ ಪುಟವು ತೆರೆಯಲು ಅರ್ಧ ನಿಮಿಷ ಹಿಡಿದರೆ, ದಿನದ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ನೋಡುವ ತಾಯಿತಂದೆಗಳು ಎಷ್ಟು ಹೊತ್ತು ಕಾದಾರು? ನಮ್ಮ ಕಡೆಯಿಂದ ಉತ್ತರ ಬಾರದಿದ್ದರೆ ಅವರು ಬೇರೆ ಮಾಧ್ಯಮದ ಶಾಲೆಯ ಬಾಗಿಲಿಗೆ ಹೋಗುವುದು ಸಹಜ. ಆದುದರಿಂದ ಜಾಲತಾಣದ ನಿಧಾನಗತಿಯು ಕೇವಲ ಯಂತ್ರಜ್ಞರ ಚಿಂತೆಯಲ್ಲ. ಶಾಲೆಯ ಹಿತಚಿಂತಕರೆಲ್ಲರೂ ಮನಗೊಡಬೇಕಾದ ವಿಷಯ.

ನಿಧಾನವಾದ ಜಾಲತಾಣಕ್ಕೆ ಬಲ್ಲವರು ಸೂಚಿಸುವ ಮದ್ದುಗಳಲ್ಲಿ ಆಬ್ಜೆಕ್ಟ್ ಕ್ಯಾಶ್ ಎಂಬುದೂ ಒಂದು. ಮದ್ದು ಒಳ್ಳೆಯದೇ. ಆದರೆ ಅದನ್ನು ಅಳವಡಿಸಿದ ಬಳಿಕವೂ ವೇಗ ಬಾರದಿರುವುದುಂಟು. ಕೆಲವೊಮ್ಮೆ ಮೊದಲಿಗಿಂತ ನಿಧಾನವಾಗುವುದೂ ಉಂಟು. ಆಗ ‘ಇನ್ನೂ ದೊಡ್ಡ ಸರ್ವರ್ ಬೇಕು’ ಎಂಬ ಸಲಹೆ ಬರುತ್ತದೆ. ದಾನಿಗಳು ಕೊಟ್ಟ ಹಣ ಅದಕ್ಕೆ ವೆಚ್ಚವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಬಾರದೆಂದಿದ್ದರೆ ರೋಗವು ಎಲ್ಲಿದೆಯೆಂಬುದನ್ನು ಮೊದಲು ಅರಿಯಬೇಕು. ಅದನ್ನು ಅರಿಯುವ ಕ್ರಮವನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಜಾಲತಾಣದ ಪುಟವು ಅಚ್ಚಾದ ಹಾಳೆಯಂತೆ ಸಿದ್ಧವಾಗಿ ಕುಳಿತಿರುತ್ತದೆಂದು ಹಲವರು ಭಾವಿಸುತ್ತಾರೆ. ಬಹಳಷ್ಟು ತಾಣಗಳಲ್ಲಿ ಹಾಗಿಲ್ಲ. 2003ರಲ್ಲಿ ಹೊರಬಂದು ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಯಾರಾದರೂ ಪುಟವನ್ನು ಕೇಳಿದೊಡನೆ ಅದು ಡೇಟಾಬೇಸ್ ಎಂಬ ದಾಖಲೆಗಳ ಭಂಡಾರವನ್ನು ಹಲವು ಬಾರಿ ಪ್ರಶ್ನಿಸುತ್ತದೆ. ತಾಣದ ಹೆಸರೇನು? ಪಟ್ಟಿಯಲ್ಲಿ ಯಾವ ಯಾವ ಪುಟಗಳಿವೆ? ಇತ್ತೀಚಿನ ಹತ್ತು ಪ್ರಕಟಣೆಗಳು ಯಾವುವು? ಈ ಉತ್ತರಗಳನ್ನು ಜೋಡಿಸಿ ಪುಟವನ್ನು ಆ ಗಳಿಗೆಯಲ್ಲಿ ಕಟ್ಟಿಕೊಡುತ್ತದೆ. ಶಾಲೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತರಿದ್ದಾರೆಂದೂ, ಯಾರು ಏನು ಕೇಳಿದರೂ ಹಿಂದಿನ ಕೋಣೆಗೆ ಹೋಗಿ ದಾಖಲೆ ಪುಸ್ತಕವನ್ನು ತೆರೆದು ನೋಡಿ ಬಂದು ಉತ್ತರಿಸುತ್ತಾರೆಂದೂ ಭಾವಿಸಿರಿ. ಹತ್ತು ಜನ ಬಂದರೆ ತೊಂದರೆಯಿಲ್ಲ. ಪ್ರವೇಶದ ದಿನ ಐನೂರು ಜನ ಬಂದರೆ ಸಾಲು ಬೀದಿಗೆ ಬೆಳೆಯುತ್ತದೆ.

ಜಾಣ ಗುಮಾಸ್ತರು ಏನು ಮಾಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳ ಉತ್ತರವನ್ನು ಚೀಟಿಗಳಲ್ಲಿ ಬರೆದು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದಿನವರು ಅದನ್ನೇ ಕೇಳಿದರೆ ಕೋಣೆಗೆ ಹೋಗುವ ಅಗತ್ಯವಿಲ್ಲ. ಡೇಟಾಬೇಸಿನಿಂದ ತಂದ ಉತ್ತರಗಳ ತುಣುಕುಗಳನ್ನು ಹೀಗೆ ಗಣಕದ ವೇಗದ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ಏರ್ಪಾಡಿಗೆ ಆಬ್ಜೆಕ್ಟ್ ಕ್ಯಾಶ್ ಎಂದು ಹೆಸರು. ಇಲ್ಲಿನ ಕ್ಯಾಶ್ ಎಂಬ ಮಾತಿಗೂ ನಗದು ಹಣಕ್ಕೂ ಸಂಬಂಧವಿಲ್ಲ. ಅಡಗಿಸಿಡು ಎಂಬರ್ಥದ ಫ್ರೆಂಚ್ ಪದದಿಂದ ಅದು ಬಂದಿದೆ.

ಈ ಯುಕ್ತಿಯು ಇಂದಿನದಲ್ಲ. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಅವರು 1965ರಲ್ಲಿ ಬರೆದ ಚಿಕ್ಕ ಲೇಖನವೊಂದರಲ್ಲಿ, ದೊಡ್ಡದಾದ ನಿಧಾನ ಸ್ಮೃತಿಯ ಮುಂದೆ ಚಿಕ್ಕದಾದ ವೇಗದ ಸ್ಮೃತಿಯನ್ನು ಇಡುವ ಬಗೆಯನ್ನು ವರ್ಣಿಸಿದರು. 1968ರಲ್ಲಿ ಐಬಿಎಂ ಸಂಸ್ಥೆಯು ತನ್ನ ಸಿಸ್ಟಮ್ 360ರ 85ನೆಯ ಮಾದರಿಯಲ್ಲಿ ಅದನ್ನು ಕಾರ್ಯರೂಪಕ್ಕೆ ತಂದಿತು. ಜಾಲತಾಣಗಳ ಕಾಲದಲ್ಲಿ, 2003ರಲ್ಲಿ, ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬುವರು ಲೈವ್‌ಜರ್ನಲ್ ತಾಣದ ಭಾರವನ್ನು ಇಳಿಸಲು ಮೆಮ್‌ಕ್ಯಾಶ್ಡ್ ಎಂಬ ತಂತ್ರಾಂಶವನ್ನು ರಚಿಸಿದರು. 2009ರಲ್ಲಿ ಇಟಲಿಯ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ ಅವರ ರೆಡಿಸ್ ಹೊರಬಂದಿತು. ಇಂದು ಆಬ್ಜೆಕ್ಟ್ ಕ್ಯಾಶಿಗೆ ಹೆಚ್ಚಾಗಿ ಬಳಸುವ ಚೀಟಿಪೆಟ್ಟಿಗೆಗಳು ಇವೆರಡು.

ಇನ್ನು ಚೀಟಿಪೆಟ್ಟಿಗೆಯಿದ್ದೂ ಸಾಲು ಕರಗದಿರುವುದೇಕೆಂದು ನೋಡೋಣ.

ಎಲ್ಲಕ್ಕೂ ಮೊದಲು ಮಾಡತಕ್ಕದ್ದು ಅಳತೆ. ಪುಟವು ನಿಧಾನವೆಂಬುದು ಒಂದೇ ಮಾತಾದರೂ ಅದರೊಳಗೆ ಎರಡು ಬಗೆಯ ಕಾಲ ಅಡಗಿದೆ. ನಾವು ಕೇಳಿದ ಕ್ಷಣದಿಂದ ಸರ್ವರ್ ಉತ್ತರದ ಮೊದಲ ಬೈಟನ್ನು ಕಳುಹಿಸುವವರೆಗಿನ ಕಾಲ ಒಂದು. ಅಲ್ಲಿಂದ ಚಿತ್ರಗಳೂ ಅಕ್ಷರವಿನ್ಯಾಸಗಳೂ ಬಂದು ಪುಟವು ಪೂರ್ಣವಾಗುವ ಕಾಲ ಇನ್ನೊಂದು. ಗಣಕದ ಬ್ರೌಸರಿನಲ್ಲಿ ಡೆವಲಪರ್ ಟೂಲ್ಸ್ ಎಂಬ ವಿಭಾಗವನ್ನು ತೆರೆದು ನೆಟ್‌ವರ್ಕ್ ಎಂಬ ಹಾಳೆಯನ್ನು ನೋಡಿದರೆ ಇವೆರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಆಬ್ಜೆಕ್ಟ್ ಕ್ಯಾಶ್ ತಗ್ಗಿಸಬಲ್ಲುದು ಮೊದಲನೆಯ ಕಾಲವನ್ನು ಮಾತ್ರ. ವಾರ್ಷಿಕೋತ್ಸವದ ಛಾಯಾಚಿತ್ರವೊಂದನ್ನು ಕುಗ್ಗಿಸದೆ 3 ಮೆಗಾಬೈಟಿನ ಗಾತ್ರದಲ್ಲಿಯೇ ಮುಖಪುಟಕ್ಕೆ ಏರಿಸಿದ್ದಾರೆನ್ನೋಣ. ಒಂದು ಬೈಟೆಂದರೆ 8 ಬಿಟ್. ಸೆಕೆಂಡಿಗೆ 4 ಮೆಗಾಬಿಟ್ ಸಾಗಿಸುವ ಫೋನ್ ಸಂಪರ್ಕದಲ್ಲಿ ಆ ಒಂದು ಚಿತ್ರಕ್ಕೇ 6 ಸೆಕೆಂಡು ಬೇಕು. ಈ ರೋಗಕ್ಕೆ ಯಾವ ಚೀಟಿಪೆಟ್ಟಿಗೆಯೂ ಮದ್ದಲ್ಲ. ಚಿತ್ರವನ್ನು ಕುಗ್ಗಿಸುವುದೇ ಮದ್ದು. ಮೊದಲ ಬೈಟು ಬರುವುದೇ ತಡವಾಗುತ್ತಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಕೈಹಾಕಬೇಕು.

ಎರಡನೆಯದಾಗಿ, ಕ್ಯಾಶ್ ನಿಜವಾಗಿಯೂ ಕೆಲಸ ಮಾಡುತ್ತಿದೆಯೇ ಎಂದು ನೋಡತಕ್ಕದ್ದು. ವರ್ಡ್‌ಪ್ರೆಸ್ಸಿನಲ್ಲಿ ತನ್ನದೇ ಆದ ಒಂದು ಆಬ್ಜೆಕ್ಟ್ ಕ್ಯಾಶ್ ಇದೆ; ಆದರೆ ಅದರ ಆಯುಸ್ಸು ಒಂದು ಪುಟವನ್ನು ಕಟ್ಟಿ ಮುಗಿಸುವವರೆಗೆ ಮಾತ್ರ. ಪ್ರತಿಯೊಬ್ಬರ ಸರದಿ ಮುಗಿದೊಡನೆ ಗುಮಾಸ್ತರು ಚೀಟಿಗಳನ್ನೆಲ್ಲ ಹರಿದೆಸೆದಂತೆ. ಚೀಟಿಗಳು ಉಳಿಯಬೇಕಾದರೆ ಮೂರು ಅಂಗಗಳು ಕೂಡಬೇಕು: ರೆಡಿಸ್ ಅಥವಾ ಮೆಮ್‌ಕ್ಯಾಶ್ಡ್ ಸರ್ವರಿನಲ್ಲಿ ನಡೆಯುತ್ತಿರಬೇಕು; ಅದರೊಡನೆ ಮಾತನಾಡಬಲ್ಲ ಅಂಗವು ಪಿಎಚ್‌ಪಿ ಭಾಷೆಗೆ ದೊರೆಯುತ್ತಿರಬೇಕು; ಆಬ್ಜೆಕ್ಟ್-ಕ್ಯಾಶ್ ಎಂಬ ಹೆಸರಿನ ಪಿಎಚ್‌ಪಿ ಕಡತವು ಡಬ್ಲ್ಯೂಪಿ-ಕಂಟೆಂಟ್ ಎಂಬ ಕೋಶದಲ್ಲಿ ಇರಬೇಕು. ಪ್ಲಗಿನ್ ಅನ್ನು ಸ್ಥಾಪಿಸಿದ ಮಾತ್ರಕ್ಕೆ ಈ ಕಡತವು ತಾನಾಗಿ ಬರುತ್ತದೆಂದು ನಂಬಲಾಗದು. ಕೆಲವು ಪ್ಲಗಿನ್‌ಗಳಲ್ಲಿ ಅದಕ್ಕೆ ಬೇರೆಯೇ ಒಂದು ಗುಂಡಿಯನ್ನು ಒತ್ತಬೇಕಾಗುತ್ತದೆ. ಇದಕ್ಕಿಂತ ಕೆಟ್ಟ ಸ್ಥಿತಿಯೊಂದುಂಟು. ಕಡತವು ಇದೆ, ಆದರೆ ಕ್ಯಾಶಿನ ವಿಳಾಸ ತಪ್ಪಾಗಿದೆ. ಆಗ ಪ್ರತಿ ಪುಟವೂ ದೊರೆಯದ ಪೆಟ್ಟಿಗೆಯನ್ನು ಹುಡುಕುತ್ತ, ಕಾಯುವ ಗಡುವು ಮುಗಿದ ಮೇಲೆಯೇ ಡೇಟಾಬೇಸಿನತ್ತ ತಿರುಗುವಂತಾಗಬಹುದು. ಗಡುವು ಒಂದು ಸೆಕೆಂಡಾಗಿದ್ದರೆ ಪ್ರತಿ ಓದುಗರಿಗೂ ಒಂದು ಸೆಕೆಂಡಿನ ದಂಡ. ಮದ್ದಿನಿಂದಲೇ ರೋಗ ಹೆಚ್ಚುವುದೆಂದರೆ ಹೀಗೆ.

ಮೂರನೆಯದಾಗಿ, ಚೀಟಿಗಳು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತಿವೆಯೆಂಬ ಲೆಕ್ಕ. ರೆಡಿಸ್ಸಿಗೆ ಇನ್ಫೋ ಎಂಬ ಆಜ್ಞೆಯನ್ನಿತ್ತರೆ, ಕೇಳಿದ್ದು ಸಿಕ್ಕಿದುದು ಎಷ್ಟು ಬಾರಿ, ಸಿಗದಿದ್ದುದು ಎಷ್ಟು ಬಾರಿ ಎಂಬೆರಡು ಅಂಕೆಗಳನ್ನು ಕೊಡುತ್ತದೆ. 10,000 ಬಾರಿ ಕೇಳಿದುದರಲ್ಲಿ 9,000 ಬಾರಿ ಸಿಕ್ಕಿದ್ದರೆ ಶೇಕಡಾ 90. ಕ್ಯಾಶನ್ನು ಆಗತಾನೆ ಸ್ಥಾಪಿಸಿದಾಗ ಪೆಟ್ಟಿಗೆ ಬರಿದಾಗಿರುವುದರಿಂದ ಈ ಪ್ರಮಾಣವು ಕಡಿಮೆಯಿರುವುದು ಸಹಜ. ಮೊದಲ ಕೆಲವು ನಿಮಿಷಗಳಲ್ಲಿ ತೀರ್ಪು ಕೊಡುವುದು ಸಲ್ಲದು. ಬಹುಕಾಲವಾದರೂ ಪ್ರಮಾಣವು ಏರದಿದ್ದರೆ ಯಾರೋ ಪೆಟ್ಟಿಗೆಯನ್ನು ಮತ್ತೆ ಮತ್ತೆ ಬರಿದುಮಾಡುತ್ತಿದ್ದಾರೆಂದು ಸಂದೇಹಿಸಬೇಕು. ಪ್ರತಿ ಪ್ರಕಟಣೆಯನ್ನು ಸೇರಿಸಿದಾಗಲೂ ಇಡೀ ಕ್ಯಾಶನ್ನು ಅಳಿಸುವ ಪ್ಲಗಿನ್‌ಗಳುಂಟು. ಒಂದೇ ರೆಡಿಸ್ಸನ್ನು ಎರಡು ತಾಣಗಳು ಹಂಚಿಕೊಂಡಾಗ ಒಂದರವರು ಅಳಿಸಿದರೆ ಇನ್ನೊಂದರ ಚೀಟಿಗಳೂ ಹೋಗಬಹುದು. ಪ್ರತಿ ತಾಣದ ಚೀಟಿಗಳಿಗೂ ಬೇರೆ ಬೇರೆ ಉಪಸರ್ಗವನ್ನು ಕೊಡದಿದ್ದರೆ, ಒಂದು ತಾಣದ ಉತ್ತರವು ಇನ್ನೊಂದರಲ್ಲಿ ಕಾಣಿಸಿಕೊಳ್ಳುವ ಅನಾಹುತವೂ ಸಂಭವಿಸೀತು.

ನಾಲ್ಕನೆಯ ಕಾರಣವು ಗಣಿತಪ್ರಿಯರಾದ ವಿದ್ಯಾರ್ಥಿಗಳಿಗೆ ರುಚಿಸತಕ್ಕದ್ದು. ಚೀಟಿಗಳು ಸಿಗುವ ಪ್ರಮಾಣ ಶೇಕಡಾ 99 ಆಗಿದ್ದೂ ಪುಟವು ನಿಧಾನವಾಗಿರಬಹುದು. ಹೇಗೆ? ಚೀಟಿಪೆಟ್ಟಿಗೆಯು ಮೇಜಿನ ಮೇಲಿಲ್ಲದೆ ಪಕ್ಕದ ಕಟ್ಟಡದಲ್ಲಿದ್ದರೆ! ಒಂದೇ ಗಣಕಕೇಂದ್ರದೊಳಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಿ ಬರಲು ಸುಮಾರು ಅರ್ಧ ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ, ಹಿಡಿಯುತ್ತದೆನ್ನೋಣ. ಅದು ಅತ್ಯಲ್ಪವಾಗಿ ಕಾಣುತ್ತದೆ. ಆದರೆ ಪ್ಲಗಿನ್‌ಗಳು ತುಂಬಿದ ತಾಣವೊಂದು ಒಂದು ಪುಟಕ್ಕಾಗಿ 2,000 ಬಾರಿ ಒಂದೊಂದೇ ಚೀಟಿಯನ್ನು ಕೇಳಿದರೆ, 2,000ವನ್ನು ಅರ್ಧದಿಂದ ಗುಣಿಸಿ 1,000 ಮಿಲಿಸೆಕೆಂಡು. ಅಂದರೆ ಪೂರ್ತಿ ಒಂದು ಸೆಕೆಂಡು ಬರಿಯ ಓಡಾಟಕ್ಕೇ ಸಂದಿತು. ಇದಕ್ಕೆ ಮದ್ದು ಎರಡು. ಚಿಕ್ಕ ತಾಣವಾದರೆ ಕ್ಯಾಶನ್ನು ಅದೇ ಯಂತ್ರದಲ್ಲಿ ಇರಿಸಿ, ಯುನಿಕ್ಸ್ ಸಾಕೆಟ್ ಎಂಬ ಒಳದಾರಿಯಿಂದ ಜೋಡಿಸುವುದು ಒಂದು. ನೂರು ಚೀಟಿಗಳನ್ನು ನೂರು ಸಲ ಕೇಳದೆ ಒಂದೇ ಸಲ ಕಟ್ಟಾಗಿ ತರಿಸುವುದು ಇನ್ನೊಂದು, ವರ್ಡ್‌ಪ್ರೆಸ್ 5.5ರಲ್ಲಿ, 2020ರಲ್ಲಿ, ಇದಕ್ಕೆ ಅನುಕೂಲ ಕಲ್ಪಿಸಲಾಯಿತು. ಉಪಯೋಗಕ್ಕೆ ಬಾರದ ಪ್ಲಗಿನ್‌ಗಳನ್ನು ತೆಗೆದುಹಾಕುವುದಂತೂ ಯಾವಾಗಲೂ ಲೇಸು.

ಐದನೆಯದು ಸ್ಮೃತಿಯ ಮಿತಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ. ಮೆಮ್‌ಕ್ಯಾಶ್ಡ್‌ಗೆ ನಾವು ಬೇರೆ ಹೇಳದಿದ್ದರೆ ಅದು 64 ಮೆಗಾಬೈಟನ್ನು ಬಳಸುತ್ತದೆ. ತುಂಬಿದಾಗ ಬಹುಕಾಲ ಯಾರೂ ಕೇಳದ ಚೀಟಿಗಳನ್ನು ತೆಗೆದು ಹೊಸದಕ್ಕೆ ಎಡೆಮಾಡುತ್ತದೆ. ಪೆಟ್ಟಿಗೆ ತೀರ ಚಿಕ್ಕದಾದರೆ ಇಂದು ಇಟ್ಟದ್ದು ಬೇಕಾಗುವಷ್ಟರಲ್ಲಿ ಹೊರಹೋಗಿರುತ್ತದೆ. ರೆಡಿಸ್ಸಿನ ಸ್ವಭಾವ ಬೇರೆ. ಸಾಮಾನ್ಯವಾದ 64 ಬಿಟ್ ಯಂತ್ರದಲ್ಲಿ ಅದಕ್ಕೆ ತಾನಾಗಿ ಮಿತಿಯಿಲ್ಲ. ಚಿಕ್ಕ ಸರ್ವರಿನ ಸ್ಮೃತಿಯನ್ನೆಲ್ಲ ಅದು ಆಕ್ರಮಿಸಿದರೆ ಡೇಟಾಬೇಸಿಗೇ ಉಸಿರಾಡಲು ಎಡೆಯಿಲ್ಲದಾಗಿ, ಯಂತ್ರವು ಡಿಸ್ಕನ್ನು ಸ್ಮೃತಿಯಂತೆ ಬಳಸಲಾರಂಭಿಸಿ ಕುಂಟುತ್ತದೆ. ಮಿತಿಯನ್ನು ಹಾಕಿ, ತುಂಬಿದಾಗ ಏನು ಮಾಡಬೇಕೆಂದು ಹೇಳದಿದ್ದರೆ ಅದು ಹಳೆಯದನ್ನು ತೆಗೆಯುವುದಿಲ್ಲ, ಹೊಸದನ್ನೇ ನಿರಾಕರಿಸುತ್ತದೆ. ಆದುದರಿಂದ ಮಿತಿಯನ್ನೂ, ಹಳೆಯದನ್ನು ಬಿಡುವ ನಿಯಮವನ್ನೂ ಜೊತೆಯಾಗಿಯೇ ಗೊತ್ತುಮಾಡಬೇಕು.

ಆರನೆಯದು ಚೀಟಿಯ ಗಾತ್ರ. ವರ್ಡ್‌ಪ್ರೆಸ್ ತಾಣದ ಹಲವಾರು ವ್ಯವಸ್ಥಾಮೌಲ್ಯಗಳನ್ನು ಒಂದೇ ದೊಡ್ಡ ಕಟ್ಟಾಗಿ ಪ್ರತಿ ಪುಟಕ್ಕೂ ತರಿಸಿಕೊಳ್ಳುತ್ತದೆ. ತೆಗೆದುಹಾಕಿದ ಪ್ಲಗಿನ್‌ಗಳು ಬಿಟ್ಟುಹೋದ ಕಸವೂ ಅದರಲ್ಲಿ ಸೇರಿ ಕಟ್ಟು ವರ್ಷೇ ವರ್ಷೇ ಬೆಳೆಯುತ್ತದೆ. ಮೆಮ್‌ಕ್ಯಾಶ್ಡ್ ಸ್ವೀಕರಿಸುವ ಒಂದು ಚೀಟಿಯ ಗಾತ್ರ ಸಾಮಾನ್ಯವಾಗಿ 1 ಮೆಗಾಬೈಟಿಗೆ ಮಿತ. ಕಟ್ಟು ಅದನ್ನು ಮೀರಿದರೆ ಪೆಟ್ಟಿಗೆಗೆ ಹೋಗುವುದೇ ಇಲ್ಲ. ಪ್ರತಿ ಸಲವೂ ಡೇಟಾಬೇಸಿನಿಂದ ತಂದು, ಇಡಲು ಯತ್ನಿಸಿ, ಸೋಲುವುದೇ ಆಗುತ್ತದೆ. 2024ರ ವರ್ಡ್‌ಪ್ರೆಸ್ 6.6ರಿಂದೀಚೆಗೆ ಸೈಟ್ ಹೆಲ್ತ್ ಎಂಬ ಪುಟವು ಈ ಕಟ್ಟು ಸುಮಾರು 800 ಕಿಲೋಬೈಟನ್ನು ದಾಟಿದರೆ ಎಚ್ಚರಿಕೆ ಕೊಡುತ್ತದೆ.

ಇಲ್ಲಿ ಕನ್ನಡಿಗರಾದ ನಾವು ಗಮನಿಸಬೇಕಾದ ಅಂಶವೊಂದಿದೆ. ಇಂದು ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತದಲ್ಲಿ ರೋಮನ್ ಲಿಪಿಯ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಪ್ರತಿಯೊಂದು ವರ್ಣಕ್ಕೂ, ಕಾಗುಣಿತದ ಚಿಹ್ನೆಗೂ, ಒತ್ತಕ್ಷರವನ್ನು ಜೋಡಿಸುವ ವಿರಾಮಚಿಹ್ನೆಗೂ 3 ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳಿವೆ. ಒಟ್ಟು 15 ಬೈಟು. ರೋಮನ್ ಲಿಪಿಯ ಏಳು ಅಕ್ಷರಗಳಲ್ಲಿ ಅದನ್ನು ಬರೆದರೆ 7 ಬೈಟು. ಪುಟದ ವಿಳಾಸದಲ್ಲಿ ಕನ್ನಡವಿದ್ದರಂತೂ ಪ್ರತಿ ಬೈಟನ್ನೂ ಮೂರು ಚಿಹ್ನೆಗಳಾಗಿ ಬರೆಯುವುದರಿಂದ ಒಂದು ಸಂಕೇತಕ್ಕೆ 9 ಚಿಹ್ನೆಗಳು. ಮೆಮ್‌ಕ್ಯಾಶ್ಡ್‌ನಲ್ಲಿ ಚೀಟಿಯ ಹೆಸರು 250 ಬೈಟನ್ನು ಮೀರಬಾರದು. ಹಾಗೆ ಬರೆದ ಕನ್ನಡ ವಿಳಾಸವನ್ನೇ ಚೀಟಿಯ ಹೆಸರಾಗಿ ಇಟ್ಟರೆ 28 ಸಂಕೇತಗಳಿಗೇ 252 ಆಗಿ ಮಿತಿ ದಾಟುತ್ತದೆ. ಇದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ. ಉದ್ದವಾದ ಶೀರ್ಷಿಕೆಯ ಬದಲು ಪುಟದ ಕ್ರಮಸಂಖ್ಯೆಯನ್ನು ಚೀಟಿಯ ಹೆಸರಿನಲ್ಲಿ ಬಳಸಿದರೆ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ನೋಡಿದ ಪ್ಲಗಿನ್ ಕನ್ನಡದ ತಾಣದಲ್ಲಿಯೂ ಸರಿಯಾಗಿ ನಡೆಯುತ್ತದೆಂದು ನಂಬಿ ಕೂರದೆ, ನಮ್ಮ ಭಾಷೆಯಲ್ಲಿಯೇ ಪರೀಕ್ಷಿಸಿ ನೋಡಬೇಕೆಂಬುದೇ ಇದರ ತಾತ್ಪರ್ಯ.

ಏಳನೆಯದು ನೂಕುನುಗ್ಗಲು. ಹೆಚ್ಚು ಜನ ಕೇಳುವ ಚೀಟಿಯ ಅವಧಿ ಮುಗಿದ ಕ್ಷಣದಲ್ಲಿ ಐನೂರು ಜನ ಒಮ್ಮೆಗೇ ಅದನ್ನು ಕೇಳಿದರೆ, ಐನೂರು ಪ್ರಶ್ನೆಗಳೂ ಒಟ್ಟಾಗಿ ಡೇಟಾಬೇಸಿನ ಮೇಲೆ ಬೀಳುತ್ತವೆ. ಇದರ ಉಗ್ರರೂಪವನ್ನು ಫೇಸ್‌ಬುಕ್ 2010ರ ಸೆಪ್ಟೆಂಬರ್ 23ರಂದು ಕಂಡಿತು. ಕ್ಯಾಶಿನಲ್ಲಿರುವ ವ್ಯವಸ್ಥಾಮೌಲ್ಯವು ತಪ್ಪಾಗಿದ್ದರೆ ಮೂಲದಿಂದ ಸರಿಯಾದುದನ್ನು ತಂದಿಡುವ ಸ್ವಯಂಚಾಲಿತ ಏರ್ಪಾಡೊಂದು ಅಲ್ಲಿತ್ತು. ಆ ದಿನ ಮೂಲದಲ್ಲಿಯೇ ಮಾಡಿದ ಬದಲಾವಣೆಯು ತಪ್ಪೆಂದು ಯಂತ್ರಗಳಿಗೆ ತೋರಿತು. ಎಲ್ಲ ಯಂತ್ರಗಳೂ ಸರಿಪಡಿಸಲೆಂದು ಡೇಟಾಬೇಸಿಗೆ ಮುತ್ತಿಗೆ ಹಾಕಿದುವು. ಭಾರ ತಾಳಲಾರದೆ ಅದು ದೋಷದ ಉತ್ತರವನ್ನಿತ್ತಾಗ, ಅದನ್ನೂ ತಪ್ಪು ಮೌಲ್ಯವೆಂದೇ ಬಗೆದು ಕ್ಯಾಶಿನ ಚೀಟಿಯನ್ನು ಅಳಿಸಿ ಮತ್ತೆ ಕೇಳಿದುವು. ಸುತ್ತು ನಿಲ್ಲಲಿಲ್ಲ. ಸುಮಾರು ಎರಡೂವರೆ ಗಂಟೆಗಳ ಕಾಲ ತಾಣವು ಬಹುಜನರಿಗೆ ದೊರೆಯದೆ, ಕೊನೆಗೆ ಆ ಡೇಟಾಬೇಸಿಗೆ ಬರುವ ಸಂಚಾರವನ್ನೆಲ್ಲ ತಡೆದ ಮೇಲೆಯೇ ಅದು ಚೇತರಿಸಿತು. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ ಪಾಠವು ಚಿಕ್ಕ ಶಾಲೆಗೂ ಸಲ್ಲುತ್ತದೆ. ಚೀಟಿಗಳ ಅವಧಿಯು ಒಟ್ಟಿಗೇ ಮುಗಿಯದಂತೆ ಅಲ್ಪಸ್ವಲ್ಪ ವ್ಯತ್ಯಾಸವಿಡಬೇಕು; ಒಬ್ಬರು ಹೊಸ ಉತ್ತರವನ್ನು ತರಲು ಹೋಗಿರುವಾಗ ಉಳಿದವರಿಗೆ ಹಳೆಯದನ್ನೇ ಕೊಡುವ ಏರ್ಪಾಡಿದ್ದರೆ ಇನ್ನೂ ಉತ್ತಮ; ಪ್ರವೇಶದ ಪ್ರಕಟಣೆಯ ಹೊತ್ತಿಗೆ ಯಾರೂ ಕ್ಯಾಶನ್ನು ಬರಿದುಮಾಡಬಾರದು.

ಇಷ್ಟೆಲ್ಲ ಸರಿಯಿದ್ದೂ ಪುಟವು ನಿಧಾನವಾದರೆ, ಕ್ಯಾಶಿನ ಕೈಗೆ ನಿಲುಕದ ಕಾರಣವಿರಬೇಕೆಂದು ತಿಳಿಯಬೇಕು. ಸೂಚಿಯಿಲ್ಲದ ಪುಸ್ತಕದಲ್ಲಿ ಪುಟ ಪುಟವನ್ನೂ ತಿರುವಿ ಹುಡುಕುವಂತೆ, ಇಂಡೆಕ್ಸ್ ಇಲ್ಲದ ಡೇಟಾಬೇಸಿನ ಹುಡುಕಾಟ ಒಂದು ಕಾರಣ. ಹೊರಗಿನ ಬೇರೊಂದು ತಾಣದ ಉತ್ತರಕ್ಕಾಗಿ ನಮ್ಮ ಪುಟವು ಕಾಯುತ್ತಿರುವುದು ಇನ್ನೊಂದು. ಕ್ವೆರಿ ಮಾನಿಟರ್ ಎಂಬ ಪ್ಲಗಿನ್ ಯಾವ ಪ್ರಶ್ನೆಗೆ ಎಷ್ಟು ಕಾಲ ಹಿಡಿಯಿತೆಂದು ಸಾಲುಸಾಲಾಗಿ ತೋರಿಸುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಶಾಲೆಯ ಪ್ರಕಟಣೆಯ ಪುಟವು ಎಲ್ಲರಿಗೂ ಒಂದೇ ರೀತಿ ಕಾಣುವಂಥದು. ಅಂಥಲ್ಲಿ ಉತ್ತರದ ತುಣುಕುಗಳಿಗಿಂತ ಕಟ್ಟಿ ಮುಗಿಸಿದ ಇಡೀ ಪುಟವನ್ನೇ ಸಿದ್ಧವಾಗಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್ ಹೆಚ್ಚು ಫಲಕಾರಿ. ಹೆಸರು ನಮೂದಿಸಿ ಒಳಹೊಕ್ಕು ತಮ್ಮ ತಮ್ಮ ವಿವರಗಳನ್ನು ನೋಡುವ ಪುಟಗಳಿಗೆ ಆಬ್ಜೆಕ್ಟ್ ಕ್ಯಾಶ್ ಉಚಿತ. ಯಾವುದಕ್ಕೆ ಯಾವುದೆಂಬ ವಿವೇಕವು ಇಲ್ಲಿಯೂ ಬೇಕು.

ಪರೀಕ್ಷೆಯ ಕ್ರಮವನ್ನು ಕುರಿತು ಕೊನೆಗೆ ಒಂದೆರಡು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡತಕ್ಕದ್ದು. ಮಾಡುವ ಮೊದಲೂ ಮಾಡಿದ ಮೇಲೂ ಅದೇ ಪುಟವನ್ನು, ಅದೇ ಬಗೆಯ ಸಂಪರ್ಕದಲ್ಲಿ, ಹತ್ತು ಹತ್ತು ಬಾರಿ ಅಳೆದು ಬರೆದಿಡತಕ್ಕದ್ದು. ಕ್ಯಾಶನ್ನು ಕೆಲಹೊತ್ತು ನಿಲ್ಲಿಸಿ ಅಳೆದರೆ, ಅದರಿಂದ ಲಾಭವೋ ನಷ್ಟವೋ ಎಂಬುದು ಸ್ಪಷ್ಟವಾಗುತ್ತದೆ. ಡೇಟಾಬೇಸು ಅದೇ ಯಂತ್ರದಲ್ಲಿದ್ದು, ತಾಣವೂ ಚಿಕ್ಕದಾಗಿದ್ದು, ಕ್ಯಾಶ್ ಇಲ್ಲದೆಯೇ ಪುಟವು ಬೇಗ ಬರುತ್ತಿದ್ದರೆ ಅದನ್ನು ತೆಗೆದುಬಿಡುವುದರಲ್ಲಿ ಸಂಕೋಚ ಬೇಡ. ಹೊಸದೆಂಬ ಕಾರಣಕ್ಕೆ ಇಟ್ಟುಕೊಳ್ಳುವುದೂ, ಒಮ್ಮೆ ನಿರಾಶೆಯಾಯಿತೆಂದು ಎಸೆಯುವುದೂ ಶಾಸ್ತ್ರೀಯ ಮಾರ್ಗವಲ್ಲ.

ವಿಜ್ಞಾನದ ತರಗತಿಯಲ್ಲಿ ವಿದ್ಯಾರ್ಥಿಗಳು ಕಲಿಯುವುದೂ ಇದನ್ನೇ ಅಲ್ಲವೆ? ಊಹಿಸುವುದು, ಅಳೆಯುವುದು, ಹೋಲಿಸುವುದು, ಬಳಿಕ ನಿರ್ಣಯಿಸುವುದು. ಮೇಲಿನ ತರಗತಿಯ ಬಾಲಕ ಬಾಲಕಿಯರು ಗುರುಗಳ ನೇತೃತ್ವದಲ್ಲಿ ತಮ್ಮ ಶಾಲೆಯ ಜಾಲತಾಣದ ಮೊದಲ ಬೈಟಿನ ಕಾಲವನ್ನು ತಿಂಗಳಿಗೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಅದು ಅವರಿಗೆ ಪಾಠವೂ ಆದೀತು, ಶಾಲೆಗೆ ಸೇವೆಯೂ ಆದೀತು. ಹೊಸ ಸರ್ವರಿಗೆ ಹಣ ಬೇಕೆಂಬ ಮಾತು ಸಭೆಯಲ್ಲಿ ಬಂದಾಗ ಆ ಪುಸ್ತಕವನ್ನು ತೆರೆದು ನೋಡಬಹುದು. ಅಗತ್ಯವಿದ್ದರೆ ಹಣವನ್ನು ಸಂತೋಷದಿಂದ ಕೊಡೋಣ. ಅಗತ್ಯವಿಲ್ಲವೆಂದು ಅಂಕೆಗಳು ಹೇಳಿದರೆ, ಉಳಿದ ಆ ಹಣವು ಬಡಮಕ್ಕಳ ಪುಸ್ತಕಕ್ಕೂ ಮಧ್ಯಾಹ್ನದ ಊಟಕ್ಕೂ ಸಲ್ಲಲಿ.